ಡಿಸ್‌ಲೆಕ್ಸಿಯಾ ಇರುವ ಮಗುವಿಗೆ ಸ್ಪೆಷಲ್ ಸ್ಕೂಲೇ ಬೇಕೇ?

‘ಮಗು ಇಂಗ್ಲಿಷಿನ ಬಿ, ಡಿ ತಿರುಗಾಮುರುಗಾ ಬರೆದರೆ ಅದು ಡಿಸ್‌ಲೆಕ್ಸಿಯಾ. ತಕ್ಷಣ ಸ್ಪೆಷಲ್ ಸ್ಕೂಲಿಗೆ ಸೇರಿಸಿ.’ ಅಡ್ಮಿಷನ್ ಸಮಯದಲ್ಲಿ ಇಂಥ ಮೆಸೇಜು ಫ್ಯಾಮಿಲಿ ಗ್ರೂಪಿನಲ್ಲಿ ಬಂದರೆ ಫಾರ್ವರ್ಡ್ ಮಾಡುವ ಮುಂಚೆ ಸ್ವಲ್ಪ ನಿಲ್ಲಿ. ಅದರ ಎರಡೂ ಮಾತು ತಪ್ಪು.

ಆರೇಳು ವರ್ಷದವರೆಗೆ ಬಹಳಷ್ಟು ಮಕ್ಕಳು ಅಕ್ಷರ ತಿರುಗಿಸಿ ಬರೆಯುತ್ತಾರೆ. ಡಿಸ್‌ಲೆಕ್ಸಿಯಾ ಕಣ್ಣಿನ ದೋಷವಲ್ಲ. ಮಾತಿನ ಸದ್ದುಗಳನ್ನು ಬಿಡಿಸಿಕೊಂಡು ಅಕ್ಷರಕ್ಕೆ ಜೋಡಿಸುವುದು ಮಿದುಳಿಗೆ ಕಷ್ಟವಾಗುವುದೇ ಇದರ ಮೂಲ. ಬುದ್ಧಿವಂತಿಕೆಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿನ ವ್ಯಾಯಾಮ, ಬಣ್ಣದ ಕನ್ನಡಕಗಳಿಂದ ಇದು ಸರಿಹೋಗುತ್ತದೆ ಎನ್ನಲು ಪುರಾವೆ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರು ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ.

‘ಕನ್ನಡ ಮೀಡಿಯಂಗೆ ಹಾಕಿ, ಎಲ್ಲ ಸರಿಹೋಗುತ್ತೆ’ ಎನ್ನುವವರೂ ಇದ್ದಾರೆ. ಇದು ಅರ್ಧ ಸತ್ಯ. ಇಂಗ್ಲಿಷಿನಲ್ಲಿ ಒಂದೇ ‘ಯು’ ಅಕ್ಷರ ಪುಟ್ ಎಂಬಲ್ಲಿ ಒಂದು ಥರ, ಬಟ್ ಎಂಬಲ್ಲಿ ಇನ್ನೊಂದು ಥರ. ಕನ್ನಡದಲ್ಲಿ ಆ ಗೊಂದಲ ಕಡಿಮೆ. ಆದರೆ ಕಾಗುಣಿತ ಸೇರಿದರೆ ಕಲಿಯಬೇಕಾದ ರೂಪಗಳು ನಾನೂರು ದಾಟುತ್ತವೆ, ಮೇಲೆ ಒತ್ತಕ್ಷರ ಬೇರೆ. ಕನ್ನಡದಲ್ಲಿ ಇಂಥ ಮಗು ತಪ್ಪು ಓದುವುದಕ್ಕಿಂತ ನಿಧಾನವಾಗಿ, ತಡವರಿಸಿ ಓದುವುದೇ ಹೆಚ್ಚು. ಹಾಗಾಗಿ ‘ಸೋಮಾರಿ’ ಎಂಬ ಹೆಸರು ಬೇಗ ಅಂಟುತ್ತದೆ.

ಇನ್ನು ಶಾಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆಯೂ ಇದೆ. ಮಾನ್ಯತೆ ಪಡೆದ ಸಾಮಾನ್ಯ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು, ತೊಂದರೆಯನ್ನು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸಬೇಕು ಎಂಬುದೇ ಅದರ ಆಶಯ. ಆದ್ದರಿಂದ ಶಾಲೆಯ ಹೆಸರಿಗಿಂತ ಅಲ್ಲಿ ದಿನವೂ ಏನು ನಡೆಯುತ್ತದೆ ಎಂದು ವಿಚಾರಿಸಿ. ಸ್ಪೆಷಲ್ ಎಜುಕೇಟರ್ ಇದ್ದಾರೆಯೇ? ವಾರಕ್ಕೆ ಎಷ್ಟು ಸಲ, ಎಷ್ಟು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಳ್ಳುತ್ತಾರೆ? ಎಲ್ಲರೆದುರು ಗಟ್ಟಿಯಾಗಿ ಓದು ಎಂದು ಒತ್ತಾಯ ಮಾಡುತ್ತಾರೆಯೇ? ಬಾಯಿಮಾತಿನ ಉತ್ತರಕ್ಕೂ ಅಂಕ ಕೊಡುತ್ತಾರೆಯೇ? ‘ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲ’ ಎಂದರೆ, ನನ್ನ ಪ್ರಕಾರ, ಅಲ್ಲಿ ಯಾರೂ ಗಮನಿಸಿಲ್ಲ ಅಷ್ಟೇ.

ತೊಂದರೆ ತೀವ್ರವಾಗಿದ್ದರೆ ಕೆಲವು ವರ್ಷ ವಿಶೇಷ ಶಾಲೆ ನೆರವಾಗಬಹುದು. ಆಮೇಲೆ ಮಗು ಸಾಮಾನ್ಯ ಶಾಲೆಗೆ ಮರಳುವ ದಾರಿ ಇದೆಯೇ ಎಂದು ಮೊದಲೇ ಕೇಳಿ. ‘ಆರು ತಿಂಗಳಲ್ಲಿ ಗುಣಪಡಿಸುತ್ತೇವೆ’ ಎನ್ನುವವರಿಂದ ದೂರ ಇರಿ. ಇದು ಕಾಯಿಲೆಯಲ್ಲ, ಕ್ರಮವಾಗಿ ಕಲಿಸಿದರೆ ಓದು ಸುಧಾರಿಸುತ್ತದೆ, ಅದಕ್ಕೆ ವರ್ಷಗಳೇ ಬೇಕು.

ಪರೀಕ್ಷೆಯ ರಿಯಾಯಿತಿಗೆ ಪ್ರಮಾಣಪತ್ರ ಬೇಕು. ಅದಿದ್ದರೆ ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ, ಹತ್ತನೇ ತರಗತಿಯಲ್ಲಿ ಎರಡರ ಬದಲು ಒಂದೇ ಭಾಷೆ ಓದಬಹುದು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿನ ಕಲಿಕೆಯ ಪರೀಕ್ಷೆ ಮಾಡಿಸಬಹುದು. ಖಚಿತವಾಗಿ ಹೇಳಲು ಸಾಮಾನ್ಯವಾಗಿ ಎಂಟು ವರ್ಷ ತುಂಬುವವರೆಗೆ ಕಾಯುತ್ತಾರೆ. ಓದಿನ ಸಹಾಯವನ್ನು ಮಾತ್ರ ಅದಕ್ಕಿಂತ ಮೊದಲೇ, ಕಷ್ಟ ಕಂಡ ದಿನದಿಂದಲೇ ಶುರುಮಾಡಬಹುದು.