ಪಂಪ್ ಶೆಡ್ಡಿನ ಕರೆಂಟಿನಲ್ಲಿ ಹಬ್ಬದ ಲೈಟ್ ಉರಿಸಬೇಡಿ ಮಾರಾಯ್ರೆ

ಈ ಸಲ ಸ್ವಲ್ಪ ಕೋಪದಲ್ಲೇ ಬರೀತಿದ್ದೇನೆ. ಬೈದ ಹಾಗೆ ಕಂಡರೆ ಬೇಜಾರು ಮಾಡ್ಬೇಡಿ, ಇದರಲ್ಲಿ ಮೊದಲ ಬೈಗುಳ ನನಗೇ.

ಮೊನ್ನೆ ರಾತ್ರಿ ಶಿರ್ವದಿಂದ ಬೆಳ್ಮಣ್ ಕಡೆಗೆ ಬೈಕಿನಲ್ಲಿ ಬರುವಾಗ ನೋಡಿದೆ. ದೀಪಾವಳಿಗೆ ಇನ್ನೂ ದಿನ ಉಂಟು, ಆಗಲೇ ಗೇಟಿನಿಂದ ಉಪ್ಪರಿಗೆವರೆಗೆ ಸೀರಿಯಲ್ ಲೈಟ್, ಅಡಿಕೆ ಮರಕ್ಕೆಲ್ಲ ಸುತ್ತಿದ್ದಾರೆ. ಚಂದ ಉಂಟು, ಇಲ್ಲ ಅಂತ ಹೇಳುದಿಲ್ಲ. ಆದರೆ ಕೆಲವು ಕಡೆ ವಯರ್ ಬಂದದ್ದು ಮನೆಯಿಂದ ಅಲ್ಲ, ತೋಟದ ಪಂಪ್ ಶೆಡ್ಡಿನಿಂದ. ಕತ್ತಲೆಯಲ್ಲೂ ನನಗೆ ಗೊತ್ತಾಗ್ತದೆ, ಯಾಕೆಂದ್ರೆ ನಾನೂ ಒಂದು ಕಾಲದಲ್ಲಿ ಹಾಗೇ ಎಳೆದವ.

ಮೂರು ವರ್ಷದ ಹಿಂದಿನ ಮಾತು. ಹತ್ತು ಎಚ್.ಪಿ.ವರೆಗಿನ ಪಂಪಿಗೆ ಸರ್ಕಾರ ಕರೆಂಟ್ ಪುಕ್ಕಟೆ ಕೊಡ್ತದೆ, ಮನೆ ಮೀಟರ್ ಯಾಕೆ ಓಡಿಸುದು ಅಂತ ನನ್ನ ಬುದ್ಧಿವಂತಿಕೆ. ಸ್ಟಾರ್ಟರಿನ ಹತ್ತಿರ ಒಂದು ಫೇಸ್ ತೆಗೆದು, ಹಳೆ ವಯರಿಗೆ ಎರಡು ಕಡೆ ಜಾಯಿಂಟ್ ಹಾಕಿ, ಟೇಪ್ ಸುತ್ತಿ, ಬೇಲಿಯ ಮುಳ್ಳುತಂತಿ ಮೇಲೆಯೇ ಹಾಯಿಸಿ ಗೇಟಿಗೆ ತಂದೆ. ಗೂಡುದೀಪ ಉರಿಯಿತು, ಸೀರಿಯಲ್ ಲೈಟ್ ಉರಿಯಿತು, ಮಕ್ಕಳಿಗೆ ಖುಷಿ. ಬಲಿಪಾಡ್ಯಮಿಯ ರಾತ್ರಿ ಗದ್ದೆಗೆ ದೀಪ ಇಟ್ಟು, ಬಲೀಂದ್ರನನ್ನು ಕರೆದು, ಕೂ ಹಾಕಿ ಬಂದೆವು. ಆಚೆ ದಿನ ಸಂಜೆ ಗುಡುಗು ಮಳೆ. ಬೆಳಿಗ್ಗೆ ಕರುವನ್ನು ಹೊರಗೆ ಬಿಟ್ಟೆ. ಅದು ಬೇಲಿ ಹತ್ತಿರ ಹುಲ್ಲಿಗೆ ಮೂತಿ ಹಾಕಿದ್ದೊಂದೇ ನನಗೆ ಕಂಡದ್ದು. ಒಂದು ಸದ್ದು ಕೂಡ ಮಾಡಲಿಲ್ಲ. ಎಂತ ಆಯ್ತು ಅಂತ ನನ್ನ ಹೆಂಡತಿ ಓಡಿಕೊಂಡು ಹೋದಳು. ನಾನು ಹಿಂದಿನಿಂದ ರಟ್ಟೆ ಹಿಡಿದು ಎಳೆಯದಿದ್ದರೆ ಅವಳೂ ಆ ತಂತಿಗೆ ಕೈ ಹಾಕ್ತಿದ್ದಳು.

ಫ್ಯೂಸ್ ಹಾರಲಿಲ್ಲವಾ ಅಂತ ತುಂಬ ಜನ ಕೇಳಿದರು. ಪಂಪಿನ ಫ್ಯೂಸ್ ಮೋಟರಿನ ಲೆಕ್ಕಕ್ಕೆ ಹಾಕಿದ್ದು. ಮೋಟರ್ ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟನ್ನು ಅದು ತಡೆದುಕೊಳ್ಳಬೇಕು, ಹಾಗಾಗಿ ದಪ್ಪ ತಂತಿ. ಒಂದು ಕರುವನ್ನೋ ಒಬ್ಬ ಮನುಷ್ಯನನ್ನೋ ಕೊಲ್ಲಲಿಕ್ಕೆ ಅದರ ಒಂದು ಚೂರು ಸಾಕು. ಅಷ್ಟಕ್ಕೆ ಆ ಫ್ಯೂಸ್ ಅಲ್ಲಾಡುವುದೂ ಇಲ್ಲ. ದನ ಕರುಗಳಿಗೆ ನಮಗಿಂತ ಬೇಗ ಬಡಿಯುತ್ತದೆ. ನಾಲ್ಕು ಕಾಲೂ ಒದ್ದೆ ಮಣ್ಣಿನಲ್ಲಿ, ಮುಂಗಾಲಿಗೂ ಹಿಂಗಾಲಿಗೂ ನಡುವೆ ಎದೆ.

ಇನ್ನು ನಮ್ಮ ಲೈಟ್ ಒಂದು ದಿನದ್ದಾ? ದೀಪಾವಳಿಗೆ ಏರಿದ್ದು ತುಳಸಿ ಪೂಜೆವರೆಗೆ ಇರಲಿ ಅಂತ, ಆಮೇಲೆ ಕಾರ್ತಿಕ ಮುಗಿಯಲಿ ಅಂತ. ಕ್ರಿಶ್ಚಿಯನ್ ಮನೆಗಳಲ್ಲಿ ಡಿಸೆಂಬರಿಗೆ ನಕ್ಷತ್ರ, ಗೋದಲಿ. ಮತ್ತೆ ಹೊಸ ವರ್ಷ, ಜನವರಿಯಲ್ಲಿ ಅತ್ತೂರು ಜಾತ್ರೆ. ನಡುವೆ ಯಾರದ್ದಾದರೂ ಮನೆಯಲ್ಲಿ ನೇಮ. ಎರಡು ಮೂರು ತಿಂಗಳು ಆ ವಯರ್ ಮಳೆ, ಇಬ್ಬನಿ, ಬಿಸಿಲಲ್ಲಿ ಬಿದ್ದಿರ್ತದೆ. ಇಲಿ ಕಡಿಯುವುದು ಬೇರೆ.

"ಪುಕ್ಕಟೆ ಕರೆಂಟ್ ಅಲ್ವಾ, ಯಾರಿಗೆ ನಷ್ಟ?" ಅಂತ ಹೇಳುವವರಿಗೆ ಒಂದು ಕೇಳ್ತೇನೆ. ಪುಕ್ಕಟೆ ಕೊಟ್ಟದ್ದು ನೀರು ಹಾಯಿಸಲಿಕ್ಕೆ. ಒಂದು ಕೆಲಸಕ್ಕೆ ಕೊಟ್ಟ ಕನೆಕ್ಷನನ್ನು ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಉಂಟು. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿನ ಲೆಕ್ಕ ಹಾಕ್ತಾರೆ, ಅದೂ ದರದ ಎರಡು ಪಟ್ಟು. ಕಂಬಕ್ಕೆ ಕೊಕ್ಕೆ ಹಾಕಿದರೆ ಅದು ಕಳ್ಳತನ, 135ನೇ ಸೆಕ್ಷನ್. ಪಂಪಿನ ಸೌಲಭ್ಯ ತೆಗೀಬೇಕು, ರೈತರು ದುರುಪಯೋಗ ಮಾಡ್ತಾರೆ ಅಂತ ಹೇಳುವವರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ನಾವೇ ರಸ್ತೆ ಬದಿಯಲ್ಲಿ ಬಣ್ಣ ಬಣ್ಣದಲ್ಲಿ ಉರಿಸಿ ತೋರಿಸ್ತಿದ್ದೇವೆ.

ಇನ್ನೊಂದು ಮಾತು ನನ್ನ ಭಾವನವರದ್ದು. "ಯೆಲ್ಲೂರಿನಲ್ಲಿ 1200 ಮೆಗಾವಾಟಿನ ಸ್ಥಾವರ ಇಟ್ಟುಕೊಂಡು ಕೂತವರು ನಾವು, ನಾಲ್ಕು ಬಲ್ಬ್ ಉರಿಸಿದರೆ ತಪ್ಪಾ?" ಭಾವ, ಬಲ್ಬ್ ಉರಿಸುವುದು ತಪ್ಪಲ್ಲ. ಆದರೆ ಕಾಸರಗೋಡಿಗೆ ಹೋಗುವ 400 ಕೆ.ವಿ. ಲೈನು ತೋಟದ ಮೇಲೆ ಬರಬಾರದು ಅಂತ ಇನ್ನಾದಲ್ಲಿ ರೈತರು ನಿಂತಾಗ ನೀವೂ ಹೋಗಿದ್ದಿರಿ. ಹಗಲು ಟವರ್ ಬೇಡ ಅಂತ ಹೇಳಿ, ರಾತ್ರಿ ಬೆಳಗಾಗುವವರೆಗೆ ಹ್ಯಾಲೊಜನ್ ಉರಿಸಿದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಎಲ್ಇಡಿಗೆ ಎಂತ ಖರ್ಚು ಅಂತಲೂ ಹೇಳ್ತಾರೆ. ಅರ್ಧ ಸರಿ. ನಾನು ಲೆಕ್ಕ ಹಾಕಿದೆ. ನನ್ನದು 20 ಸರ, ಒಂದಕ್ಕೆ 6 ವಾಟ್, ಒಟ್ಟು 120 ವಾಟ್. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಿಟ್ಟರೆ ತಿಂಗಳಿಗೆ 43 ಯೂನಿಟ್. ಹತ್ತು ಗಂಟೆಗೆ ಆಫ್ ಮಾಡಿದರೆ 14. ಗೃಹಜ್ಯೋತಿಯಲ್ಲಿ ನನ್ನ ಮನೆಗೆ ಹಳೆಯ ಸರಾಸರಿ 80, ಅದಕ್ಕೆ ಶೇಕಡಾ 10 ಸೇರಿ 88 ಯೂನಿಟ್ ಪುಕ್ಕಟೆ. ಅಂದ್ರೆ ಹತ್ತಕ್ಕೆ ಆಫ್ ಮಾಡಿದರೆ ಆರು ಯೂನಿಟಿನ ದುಡ್ಡು ಕಟ್ಟಿದರೆ ಮುಗೀತು. ಅಷ್ಟಕ್ಕೆ ಹೆದರಿ ನಾನು ಪಂಪ್ ಶೆಡ್ಡಿಗೆ ಹೋದದ್ದು, ನೋಡಿ!

ಹ್ಯಾಲೊಜನ್ ಮಾತ್ರ ಬೇರೆ ಕತೆ. 500 ವಾಟಿನದ್ದು ಎರಡು ರಾತ್ರಿಯಿಡೀ ಉರಿದರೆ ದಿನಕ್ಕೆ 12 ಯೂನಿಟ್. 17 ದಿನದಲ್ಲಿ ಅದೊಂದೇ 200 ದಾಟುತ್ತದೆ. 200 ದಾಟಿದರೆ ಆ ತಿಂಗಳು ಗೃಹಜ್ಯೋತಿಯೇ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅದನ್ನೇ ಪಂಪ್ ಲೈನಿಗೆ ಕೊಟ್ಟರೆ ಬಿಲ್ ಬರಲಿಕ್ಕಿಲ್ಲ, ಪೆಟ್ಟು ಬೀಳುವುದು ನೆರೆಯವನಿಗೆ. ಒಂದೇ ಫೇಸಿನ ಮೇಲೆ ನಾಲ್ಕು ಮನೆಯ ಹ್ಯಾಲೊಜನ್ ಕೂತರೆ ಆ ಫೇಸಿನ ವೋಲ್ಟೇಜ್ ಬೀಳ್ತದೆ. ಡಿಸೆಂಬರಿನಲ್ಲಿ ಅಡಿಕೆಗೆ ನೀರು ಬಿಡುವ ಸಮಯ, ರಾತ್ರಿ ತ್ರೀ ಫೇಸ್ ಬಂತು ಅಂತ ಯಾರೋ ಪಂಪ್ ಹಾಕ್ತಾರೆ. ಮೂರು ಫೇಸ್ ಸಮ ಇಲ್ಲದೆ ಮೋಟರ್ ಬಿಸಿಯಾಗಿ ಕಾಯಿಲ್ ಸುಟ್ಟು ಹೋಗ್ತದೆ. ರಿವೈಂಡಿಂಗಿಗೆ ಕೊಟ್ಟು ನಾಲ್ಕೈದು ದಿನ ಕಾಯುವವನ ತೋಟ ನೋಡಿದ್ದೀರಲ್ಲ.

ಈಗ ನಾನು ಮಾಡಿದ್ದು ಹೇಳ್ತೇನೆ. ಪಂಪ್ ಶೆಡ್ಡಿನಿಂದ ಬಂದ ವಯರ್ ಪೂರ್ತಿ ಕಿತ್ತು ಗುಜರಿಗೆ ಹಾಕಿದೆ. ಲೈಟಿಗೆ ಮನೆ ಮೀಟರಿನಿಂದಲೇ ಬೇರೆ ಒಂದು ಲೈನು, ಅದಕ್ಕೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ನೆಲಕ್ಕೆ ಚೂರು ಕರೆಂಟ್ ಸೋರಿದರೂ ಅದು ಟಿಕ್ ಅಂತ ಬೀಳ್ತದೆ. ಕ್ರಯ ನನ್ನ ಕರುವಿಗಿಂತ ಕಡಿಮೆ. ಜಾಯಿಂಟ್ ಎಲ್ಲ ಮುಚ್ಚಳ ಇರುವ ಪೆಟ್ಟಿಗೆಯೊಳಗೆ, ನೆಲದಿಂದ ಮೇಲೆ. ಮುಳ್ಳುತಂತಿ, ತಗಡು, ಹಟ್ಟಿಯ ಕಬ್ಬಿಣದ ಪೈಪ್ ಯಾವುದಕ್ಕೂ ವಯರ್ ತಾಗುದಿಲ್ಲ. ಹತ್ತು ಗಂಟೆಗೆ ಆಫ್ ಆಗಲಿಕ್ಕೆ ಟೈಮರ್. ಇನ್ವರ್ಟರಿಗೆ ಕೊಡಲಿಲ್ಲ, ಕರೆಂಟ್ ಹೋದಾಗ ಗೇಟಿನಲ್ಲಿ ನಕ್ಷತ್ರ ಉರಿದು ಒಳಗೆ ಮಗಳು ಕತ್ತಲೆಯಲ್ಲಿ ಓದುದು ಯಾಕೆ? ಆರ್‌ಸಿಸಿಬಿಯ ಟೆಸ್ಟ್ ಬಟನ್ ಹೆಂಡತಿಯೇ ವಾರಕ್ಕೊಮ್ಮೆ ಒತ್ತಿ ನೋಡ್ತಾಳೆ, ನನ್ನ ಮೇಲೆ ಅವಳಿಗೆ ಇನ್ನೂ ನಂಬಿಕೆ ಬರಲಿಲ್ಲ.

ಪಂಪ್ ಶೆಡ್ಡಿನಿಂದ ಲೈನ್ ಎಳೆದವರು ಈ ಭಾನುವಾರದೊಳಗೆ ತೆಗೀರಿ. ಬಿಚ್ಚಲಿಕ್ಕೆ ಹೆದರಿಕೆ ಆದರೆ ನನಗೆ ಹೇಳಿ, ನಮ್ಮ ವಯರಿಂಗ್ ಹುಡುಗನನ್ನು ಕರಕೊಂಡು ಬರ್ತೇನೆ. ಯಾರ ಹೆಸರನ್ನೂ ಇಲ್ಲಿ ಹಾಕುದಿಲ್ಲ. ನಾವು ಬರುವವರೆಗೆ ಶೆಡ್ಡಿನ ಮೇನ್ ಆಫ್ ಮಾಡಿಡಿ, ದನಗಳನ್ನು ಬೇಲಿ ಹತ್ತಿರ ಬಿಡಬೇಡಿ.