ಹಬ್ಬದ ರಜೆಯೂ ಪರದೇಶದ ವಿದ್ಯಾರ್ಥಿಗಳೂ

ನವರಾತ್ರಿಯ ರಜೆ ಬಂದಿತೆಂದರೆ ನಮ್ಮ ವಿದ್ಯಾರ್ಥಿನಿಲಯಗಳು ಒಂದೆರಡು ದಿನಗಳಲ್ಲಿಯೇ ಬರಿದಾಗುತ್ತವೆ. ಮೈಸೂರು, ಬೆಂಗಳೂರು, ಧಾರವಾಡಗಳ ನಿಲ್ದಾಣಗಳಲ್ಲಿ ಊರಿಗೆ ಹೊರಟ ತರುಣರ ಸಂಭ್ರಮವನ್ನು ಕಾಣದವರಿಲ್ಲ. ಆದರೆ ಭೋಜನಶಾಲೆಗೆ ಬೀಗ ಬಿದ್ದ ಮೇಲೂ ಅದೇ ನಿಲಯಗಳಲ್ಲಿ ಉಳಿದುಕೊಳ್ಳುವ ಕೆಲವರಿದ್ದಾರೆ. ಆಫ್ರಿಕಾ ಖಂಡದಿಂದಲೂ, ಇರಾನ್, ಆಫ್ಘಾನಿಸ್ತಾನ ಮೊದಲಾದ ದೇಶಗಳಿಂದಲೂ ವಿದ್ಯಾರ್ಜನೆಗಾಗಿ ಬಂದಿರುವ ಈ ಅತಿಥಿಗಳ ಕಡೆಗೆ ನಾಗರಿಕರ ಗಮನವನ್ನು ಸೆಳೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮನೆಯ ಹಂಬಲವು ಹೇಡಿಗಳ ಲಕ್ಷಣವೆಂದು ನಗುವವರುಂಟು. 1688ರಷ್ಟು ಹಿಂದೆಯೇ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬಾತನು ಇದನ್ನು ವ್ಯಾಧಿಯೆಂದೇ ಎಣಿಸಿ ವೈದ್ಯಕೀಯ ಪ್ರಬಂಧವನ್ನು ಬರೆದನು. 1888ನೆಯ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗನ್ನೇರಿದ ಗಾಂಧೀಜಿಯವರು ಆಗ ಹದಿನೆಂಟರ ತರುಣರು. ಲಂಡನ್ನಿನ ಮೊದಲ ದಿನಗಳಲ್ಲಿ ತಾಯಿಯನ್ನೂ ಮನೆಯನ್ನೂ ನೆನೆದು ರಾತ್ರಿಯೆಲ್ಲ ನಿದ್ರೆಯಿಲ್ಲದೆ ಕಣ್ಣೀರಿಟ್ಟುದನ್ನು ಅವರೇ ಆತ್ಮಕಥೆಯಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾರೆ. ಫ್ಯಾರಿಂಗ್ಡನ್ ಬೀದಿಯ ಶಾಕಾಹಾರದ ಭೋಜನಗೃಹವೊಂದರಲ್ಲಿ ಅವರಿಗೆ ಹೊಟ್ಟೆತುಂಬ ಊಟ ದೊರೆಯಿತು. ಮುಂದೆ ಅಲ್ಲಿಯ ಶಾಕಾಹಾರಿಗಳ ಸಂಘದಲ್ಲಿ ಸ್ನೇಹಿತರು ದೊರೆತರು. ಅದರ ಕಾರ್ಯಕಾರಿ ಸಮಿತಿಯಲ್ಲಿ ಕೆಲಸವೂ ದೊರೆಯಿತು. ಒಗ್ಗುವ ಅನ್ನ, ಸ್ನೇಹ, ಕೈಗೊಂದು ಕೆಲಸ: ಈ ಹಂಬಲಕ್ಕೆ ಇವಕ್ಕಿಂತ ಮಿಗಿಲಾದ ಔಷಧವನ್ನು ನಾವರಿಯೆವು.

ಸರ್ಕಾರವು ಏನನ್ನೂ ಮಾಡಿಲ್ಲವೆಂದಲ್ಲ. 1950ರಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದರು ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತು ಪರದೇಶದ ವಿದ್ಯಾರ್ಥಿಗಳಿಗೆ ವೇತನವನ್ನು ಕೊಡುತ್ತಿದೆ. ಆದರೆ ವಿದ್ಯಾರ್ಥಿವೇತನವು ಹಬ್ಬದ ದಿನ ಜೊತೆಯಲ್ಲಿ ಕುಳಿತು ಉಣ್ಣಲಾರದು. ಈಗ ಮುಖ ನೋಡಿಯೇ ಮಾತನಾಡುವ ದೂರವಾಣಿಯಿದೆಯಲ್ಲವೇ ಎಂದು ಕೆಲವರು ಕೇಳಬಹುದು. ಮಾತು ಮುಗಿದೊಡನೆ ಕೋಣೆಯು ಮೊದಲಿಗಿಂತಲೂ ಶೂನ್ಯವಾಗಿ ತೋರುವುದೆಂಬುದನ್ನು ಮಕ್ಕಳನ್ನು ದೂರ ಕಳುಹಿಸಿದ ತಂದೆತಾಯಿಗಳೂ ಬಲ್ಲರು.

ಇನ್ನೊಂದು ಸಂಗತಿಯನ್ನು ನಾವು ಯೋಚಿಸುವುದೇ ಇಲ್ಲ. ಈ ವಿದ್ಯಾರ್ಥಿಗಳಿಗೆ ಏಕಾಂತದ ದಿನಗಳು ಎರಡು ಸಲ ಬರುತ್ತವೆ. ನಮ್ಮ ಹಬ್ಬದಲ್ಲಿ ಊರೆಲ್ಲ ಮನೆಯೊಳಗಿರುವಾಗ ಅವರು ಹೊರಗಿರುತ್ತಾರೆ. ಅವರ ಹಬ್ಬ ಬಂದಾಗಲೋ ನಮಗದು ಕೆಲಸದ ದಿನ. ಇಥಿಯೋಪಿಯದ ಕ್ರೈಸ್ತರಿಗೆ ಕ್ರಿಸ್ತಜಯಂತಿಯು ಜನವರಿ 7ರಂದು. ಇರಾನಿನವರಿಗೆ ಹೊಸ ವರ್ಷವು ಮಾರ್ಚ್ 21ರ ಸುಮಾರಿಗೆ. ಅಂದು ಅವರು ಎಂದಿನಂತೆ ಪಾಠಕ್ಕೆ ಬಂದು ಕುಳಿತಿರುತ್ತಾರೆ. ಶುಭ ಕೋರುವವರೊಬ್ಬರೂ ಇರುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ರಜೆಯಲ್ಲಿ ಒಂದು ಭೋಜನಶಾಲೆಯನ್ನಾದರೂ ತೆರೆದಿಡುವಂತೆ ವಿಶ್ವವಿದ್ಯಾನಿಲಯಗಳ ಅಧಿಕಾರಿಗಳು ಏರ್ಪಡಿಸಲಿ; ಅವರ ಹಬ್ಬಗಳ ದಿನಗಳನ್ನೂ ಪಂಚಾಂಗದಂತೆ ಗುರುತಿಸಿಟ್ಟುಕೊಳ್ಳಲಿ. ಅಧ್ಯಾಪಕರೂ ಗೃಹಸ್ಥರೂ ಒಬ್ಬೊಬ್ಬ ವಿದ್ಯಾರ್ಥಿಯನ್ನು ವಾರ ಮೊದಲೇ ಕರೆಯಲಿ. ಏನನ್ನು ಉಣ್ಣುವರು, ಏನನ್ನು ಉಣ್ಣರು ಎಂಬುದನ್ನು ಕೇಳಿಕೊಳ್ಳುವುದರಲ್ಲಿ ಸಂಕೋಚವು ಸಲ್ಲದು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ನೆರೆಹೊರೆಯವರಿಗೆ ತೋರಿಸುವುದು ಆದರವಲ್ಲ. ಮಾವಿನ ತೋರಣವನ್ನು ಕಟ್ಟಲು ಕೈಗೆ ಕೊಟ್ಟರೆ ಅವರು ಮನೆಯವರಾಗುತ್ತಾರೆ. ಒಂದು ಸಲ ಕರೆದು ಮರೆಯದೆ, ಮತ್ತೆ ಮತ್ತೆ ಕರೆಯಬೇಕು. ವಾರಗಟ್ಟಲೆ ಊಟ ನಿದ್ರೆಗಳನ್ನು ಬಿಟ್ಟವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದಂತೂ ಸಹಪಾಠಿಗಳ ಧರ್ಮ.

2016ನೆಯ ಜನವರಿಯ ಕೊನೆಯಲ್ಲಿ ಬೆಂಗಳೂರಿನಲ್ಲಿ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಕೈಮಾಡಿದ ಕಳಂಕವನ್ನು ನಾವು ಮರೆತಿಲ್ಲ, ಮರೆಯಲೂಬಾರದು. ಬಣ್ಣವನ್ನು ನೋಡಿ ಬಾಡಿಗೆಗೆ ಮನೆಯನ್ನು ನಿರಾಕರಿಸುವವರು ಇನ್ನೂ ನಮ್ಮಲ್ಲಿದ್ದಾರೆ. ಅಪರಿಚಯವೇ ಇಂತಹ ಅನಾದರದ ಬೇರು. ಜೊತೆಯಲ್ಲಿ ಕುಳಿತು ಉಂಡವರನ್ನು ಬೀದಿಯಲ್ಲಿ ಅವಮಾನಿಸುವುದು ಅಷ್ಟು ಸುಲಭವಲ್ಲ.

ಕನ್ನಡಿಗರ ಮಕ್ಕಳೂ ಇಂದು ಅಮೇರಿಕಾ, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಓದುತ್ತಿದ್ದಾರೆ. ಡಿಸೆಂಬರಿನ ರಜೆಯಲ್ಲಿ ಅವರ ನಿಲಯಗಳೂ ಬರಿದಾಗುತ್ತವೆ. ಅಲ್ಲಿ ಯಾರಾದರೂ ತಮ್ಮ ಮಗುವನ್ನು ಮನೆಗೆ ಕರೆದಾರೆಯೇ ಎಂದು ಇಲ್ಲಿಯ ತಾಯಿ ಚಿಂತಿಸುವಂತೆ, ಅಲ್ಲಿಯ ತಾಯಂದಿರೂ ನಮ್ಮ ಊರುಗಳನ್ನು ನೆನೆದು ಚಿಂತಿಸುತ್ತಿರುವರು. ಬರುವ ಹಬ್ಬದಲ್ಲಿ ಊಟಕ್ಕೆ ಒಂದೆಲೆಯನ್ನು ಹೆಚ್ಚಾಗಿ ಹಾಕಬೇಕೆಂದು ನಮ್ಮ ವಾಚಕರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ.