ಅಪ್ಪನ ನಂಬರ್ ಮತ್ತು ‘ಉಚಿತ’ ಪುಸ್ತಿಕೆ

ಪಿಯುಸಿ ಫಲಿತಾಂಶ ಬಂದ ಸಂಜೆ. ಮಗಳು ಒಂದು ಕಾಲೇಜಿನ ವೆಬ್‌ಸೈಟಿನಲ್ಲಿ ಎಂಜಿನಿಯರಿಂಗ್ ಶುಲ್ಕದ ಪುಟ ನೋಡುತ್ತಾಳೆ. ಬಳಿಕ ‘ಉಚಿತ ಮಾಹಿತಿ ಪುಸ್ತಿಕೆ’ಗಾಗಿ ತನ್ನ ಹೆಸರು, ಅಪ್ಪನ ಫೋನ್ ನಂಬರ್ ತುಂಬುತ್ತಾಳೆ. ಮರುದಿನ ಅಪ್ಪನಿಗೆ ಕರೆ: ‘ಮಗಳಿಗೆ ಎಂಜಿನಿಯರಿಂಗ್ ಸೀಟು ಬೇಕಲ್ಲವೇ ಸಾರ್?’ ಫಾರಂನಲ್ಲಿ ಆ ಮಾತೇ ಇರಲಿಲ್ಲ! ಅವರಿಗೆ ಗೊತ್ತಾದದ್ದು ಹೇಗೆ?

ಇದು ‘ಮಾರ್ಕೆಟಿಂಗ್ ಆಟೊಮೇಷನ್’ ತಂತ್ರಾಂಶದ ಕೆಲಸ. ಗಿರಾಕಿ ಆಗಬಹುದಾದವರಿಗೆ ಅದರ ಭಾಷೆಯಲ್ಲಿ ‘ಲೀಡ್’ ಎಂದು ಹೆಸರು. ಪುಟ ತೆರೆದಾಗ ಅದು ಬ್ರೌಸರಿನಲ್ಲಿ ‘ಕುಕಿ’ ಎಂಬ ಪುಟ್ಟ ಟೋಕನ್ ಇಡುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ರೂಪಿಸಿದ ಉಪಾಯವಿದು. ಟೋಕನ್‌ನಲ್ಲಿ ಹೆಸರಿಲ್ಲ, ಬರೀ ಸಂಖ್ಯೆ. ಯಾವ ಪುಟವನ್ನು ಎಷ್ಟು ಸಲ ನೋಡಿದರು ಎಂಬುದೆಲ್ಲ ಆ ಸಂಖ್ಯೆಯ ಖಾತೆಗೆ ಜಮೆ. ಫಾರಂ ತುಂಬಿದೊಡನೆ ಹೆಸರು, ನಂಬರ್ ಅದೇ ಖಾತೆಗೆ ಸೇರುತ್ತವೆ. ಹಿಂದೆ ನೋಡಿದ ಪುಟಗಳಿಗೂ ಆಗ ಹೆಸರು ಸಿಕ್ಕಂತಾಯಿತು.

ಆಮೇಲೆ ಅಂಕ ಹಾಕುವ ಕೆಲಸ. ಮುಖಪುಟಕ್ಕೆ 1, ಶುಲ್ಕದ ಪುಟಕ್ಕೆ 10, ಫಾರಂಗೆ 20 ಎಂದಿಟ್ಟುಕೊಳ್ಳಿ. ಮೊತ್ತ ನಿಗದಿತ ಗಡಿ ದಾಟಿದರೆ ಹೆಸರು ತಾನಾಗಿಯೇ ಕರೆ ಮಾಡುವವರ ಪಟ್ಟಿಗೆ ಹೋಗುತ್ತದೆ. ಈ ಪರೀಕ್ಷೆಯಲ್ಲಿ ಮಗಳ ಜಾಣತನಕ್ಕೆ ಅಂಕವಿಲ್ಲ. ಮನೆಯವರು ಹಣ ಕಟ್ಟುವ ಸಂಭವಕ್ಕಷ್ಟೇ ಅಂಕ.

18 ವರ್ಷ ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹೇಳುತ್ತದೆ. ಆದ್ದರಿಂದ ಮಕ್ಕಳೇ, ಫಾರಂ ತುಂಬುವ ಮುನ್ನ ಮನೆಯಲ್ಲಿ ಒಂದು ಮಾತು ಕೇಳಿ. ಆ ಪುಸ್ತಿಕೆಗೂ ಬೆಲೆಯಿದೆ: ಅಪ್ಪನ ನಂಬರ್!